ಬ್ರೇಕ್ ಹಿಡಿಯಾಕಿಗೂ ಒಂದು ಮಾತೈತಿ

ರವಿವಾರ ಮುಂಜಾನೆ ನಮ್ಮ ಬೆಳಗಾವಿ ಓಣಿಗಳೊಳಗ ಒಂದು ಕೂಗು ಕೇಳತೈತಿ: "ಏ, ಒಂಚೂರು ಹೊರಗ ಬಾ, ಬ್ರೇಕ್ ಹಿಡಿ." ನಾವು ಹಿಟ್ಟಿನ ಕೈ ತೊಳಕೊಂಡು ಹೋಗಿ ಗಾಡಿ ಬಾಜೂಕ ನಿಂದ್ರತೀವಿ. ಹಿಡಿ ಅಂದ್ರ ಹಿಡಿಯೂದು, ಬಿಡು ಅಂದ್ರ ಬಿಡೂದು. ಯಾಕ ಅಂತ ಕೇಳಿದ್ರ "ಗಾಳಿ ತಗ್ಯಾಕತ್ತೀನಿ, ನಿನಗ ತಿಳಿಯಂಗಿಲ್ಲ" ಅನ್ನೂ ಉತ್ತರ. ಕಡೀಕ ಕೆಳಗ ಕುಂತಾಂವ ಎದ್ದು ಕೈ ಒರಸಿಕೊಂಡು "ಆತು" ಅಂತಾನ. ಮರುದಿನ ಅದೇ ಗಾಡಿ ಹಿಂದ ಕೂಸಿನ್ನ ಕುಂದರಿಸಿಕೊಂಡು ಮಳ್ಯಾಗ ಖಾನಾಪುರಕ್ಕ ಹೋಗಾಕಿ ಯಾರು? ನಾವೇ.

ನನ್ನ ತಕರಾರು ಕರಿಯೂದಕ್ಕಲ್ಲ. ಈ ಕೆಲಸಕ್ಕ ಎರಡು ಜೋಡಿ ಕೈ ಇದ್ರ ಚಲೋ, ಕರೀಲಿ. ತಕರಾರು "ಆತು" ಅನ್ನೂ ಮಾತಿಗೆ. ಬ್ರೇಕ್ ಗಟ್ಟಿ ಆಗೈತೋ ಇಲ್ಲೋ ಅನ್ನೂದು ತಿಳಿಯೂದು ಲಿವರ್ ಹಿಡದ ಕೈಗೆ. ಪಾನಾ ಹಿಡದಾಂವಗ ಕಾಣೂದು ಪೈಪಿನಾಗಿನ ಗುಳ್ಳಿ ಅಷ್ಟೇ. ಹಂಗಿದ್ದಾಗ ಕೆಲಸ ಮುಗೀತು ಅಂತ ತೀರ್ಪು ಕೊಡಾಂವ ಅಂವ ಹೆಂಗಾದ?

ಗಾಳಿ ಅಂದ್ರ ಏನು ಅಂತ ಯಾರೂ ಹೇಳಂಗಿಲ್ಲ, ಅದಕ್ಕ ಹೇಳತೀನಿ. ಮನ್ಯಾಗ ಕೂಸಿಗೆ ಔಷಧ ಕುಡಿಸೂ ಸಿರಿಂಜ್ ಇರತೈತಲ್ಲ, ಅದರಾಗ ಪೂರಾ ನೀರು ತುಂಬಿ, ತುದಿಗೆ ಹೆಬ್ಬಟ್ಟು ಒತ್ತಿ ಹಿಡದು, ದಟ್ಟಿ ನೋಡ್ರಿ. ಅಳ್ಳಾಡಂಗಿಲ್ಲ. ಅರ್ಧ ನೀರು, ಅರ್ಧ ಗಾಳಿ ಮಾಡಿ ದಟ್ಟ್ರಿ. ಸರಳ ಒಳಗ ಹೋಗತೈತಿ. ಡಿಸ್ಕ್ ಬ್ರೇಕಿನ ಕಥಿ ಇಷ್ಟೇ. ಹ್ಯಾಂಡಲ್ ಮ್ಯಾಲಿನ ಸಣ್ಣ ಡಬ್ಬಿಯಿಂದ ಕೆಳಗ ಗಾಲಿತನಕ ಪೈಪಿನಾಗ ದ್ರವ ತುಂಬಿರತೈತಿ. ನೀವು ಲಿವರ್ ಹಿಂಡಿದ್ದು ಆ ದ್ರವದ ಮೂಲಕ ಹೋಗಿ ಪ್ಯಾಡನ್ನ ಡಿಸ್ಕಿಗೆ ಒತ್ತತೈತಿ. ನಡುವ ಗಾಳಿ ಸೇರಿದ್ರ ನಿಮ್ಮ ಹಿಂಡೂಣಕಿ ಆ ಗುಳ್ಳಿ ಹಿಚಕೂದರಾಗೇ ಖರ್ಚಾಗತೈತಿ. ಲಿವರ್ ನಾದಿದ ಕಣಕದಂಗ ಮೆತ್ತಗ ಹತ್ತತೈತಿ. ವಾಯರಿನ ಡ್ರಮ್ ಬ್ರೇಕ್ ಇದ್ದ ಗಾಡಿಗೆ ಈ ಮಾತಿಲ್ಲ.

ಇನ್ನ ಆ ಹಿಡಿ-ಬಿಡು ಯಾಕ. ಕೆಳಗ ಕ್ಯಾಲಿಪರಿಗೆ ಒಂದು ಸಣ್ಣ ನಿಪ್ಪಲ್ ಐತಿ. ಅದಕ್ಕ ಪಾರದರ್ಶಕ ಪೈಪ್ ಸಿಗಿಸಿ, ಇನ್ನೊಂದು ತುದಿ ಬಾಟಲಿಯೊಳಗ ಸ್ವಲ್ಪ ಹೊಸ ದ್ರವದಾಗ ಮುಳಗಿಸಿಡತಾರ. ನೀವು ಮೂರ್ನಾಲ್ಕು ಸಲ ಹಿಂಡಿ, ಒತ್ತಿ ಹಿಡದು "ಹಿಡದೀನಿ" ಅನಬೇಕು. ಅಂವ ನಿಪ್ಪಲ್ ಕಾಲು ಸುತ್ತು ಸಡಲ ಮಾಡತಾನ, ಗುಳ್ಳಿ ಹೊರಗ ಬರತಾವು, ನಿಮ್ಮ ಕೈಯಾಗಿನ ಲಿವರ್ ಹ್ಯಾಂಡಲ್ಲಿಗೆ ಬಂದು ಕೂಡತೈತಿ. ಅಲ್ಲೇ ಹಿಡಕೊಂಡಿರಬೇಕು. ಅಂವ ನಿಪ್ಪಲ್ ಬಿಗಿ ಮಾಡಿ "ಬಿಗಿ" ಅಂದ ಮ್ಯಾಲೇ ಬಿಡಬೇಕು. ಮೊದಲೇ ಬಿಟ್ರ ಹೊರಗ ಹೋದ ಗಾಳಿ ವಾಪಸ್ ಒಳಗ ಜಗ್ಗತೈತಿ. ಈ ಒಂದು ವಾಕ್ಯ ಮೊದಲೇ ಹೇಳಿದ್ರ ಯಾವ ಹೆಣಮಗಳು ಲಗೂ ಬಿಡತಿದ್ಲು? ಹೇಳದ ಬಿಟ್ಟು ಆಮ್ಯಾಲೆ ಬೈಯೂದು ಯಾವ ನ್ಯಾಯ? ಮ್ಯಾಲಿನ ಡಬ್ಬಿ ಕಣ್ಣಮುಂದ ಇರೂದೂ ನಿಮಗೇ. ದ್ರವ ಕೆಳಗಿನ ಗೆರಿ ಮುಟ್ಟೂ ಮೊದಲ "ತಡಿ, ಹಾಕಬೇಕು" ಅನ್ರಿ. ಡಬ್ಬಿ ಬರಿದಾದ್ರ ಮ್ಯಾಲಿಂದ ಗಾಳಿ ಎಳದು, ಮಾಡಿದ್ದೆಲ್ಲಾ ಮೊದಲಿಂದ.

ನನಗ ಎಲ್ಲಾಕಿಂತ ಸಿಟ್ಟು ಬರೂದು "ಬ್ರೇಕ್ ಆಯಿಲ್" ಅನ್ನೂ ಹೆಸರಿಗೆ. ಅದು ಎಣ್ಣಿ ಅಲ್ರೀ! ಎಣ್ಣಿ ಅಂದಕೂಡ್ಲೆ ಮಂದಿ ಮನ್ಯಾಗ ಉಳದಿದ್ದ ಇಂಜಿನ್ ಆಯಿಲ್ ಹನಿಸಾಕೂ ಹಿಂದ ಮುಂದ ನೋಡಂಗಿಲ್ಲ. ಎಣ್ಣಿ ಹತ್ತಿದ್ರ ಒಳಗಿನ ರಬ್ಬರ್ ಉಬ್ಬಿ ಬ್ರೇಕ್ ಕೈಕೊಡತೈತಿ. ಡಬ್ಬಿ ಮುಚ್ಚಳದ ಮ್ಯಾಲೆ ಡಾಟ್ 3 ಅಥವಾ ಡಾಟ್ 4 ಅಂತ ಬರದಿರತೈತಿ. ಏನು ಬರದೈತೋ ಅದನ್ನೇ ಹಾಕಬೇಕು. ಡಾಟ್ 5 ಅನ್ನೂದು ಬ್ಯಾರೇನೇ, ಸಿಲಿಕೋನಿಂದು. ಅದನ್ನ ಇದರಾಗ ಕಲಸಬಾರದು.

ಈ ದ್ರವದ ಇನ್ನೊಂದು ಗುಣ ಖಾನಾಪುರದ ಮಂದಿಗೆ ಭಾಳ ಸಂಬಂಧ. ಆಷಾಢದಾಗ ಜಾಂಬೋಟಿ, ಕಣಕುಂಬಿ ಕಡೆ ಉಪ್ಪಿನ ಡಬ್ಬಿ ಹೆಂಗ ನೀರೊಡಿತೈತಿ, ಹಂಗ ಇದೂ ಹವಾದಾಗಿನ ಪಸಿ ಹೀರತೈತಿ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ತನಕ ಕುದಿಬಾರದು ಅಂತ ನಿಯಮ. ಅದೇ 3.7 ಶೇಕಡಾ ನೀರು ಸೇರಿದ ಮ್ಯಾಲೆ ಆ ಮಿತಿ 155ಕ್ಕ ಇಳಿತೈತಿ. ಗಣಪತಿ ಹಬ್ಬಕ್ಕೋ ಲಗ್ನಕ್ಕೋ ಚೋರ್ಲಾ ಘಾಟ್ ಇಳದು ಗೋವಾ ಕಡೆ ಹೋಗೂವಾಗ, ಇಬ್ಬರ ಭಾರ, ಮ್ಯಾಲೆ ಚೀಲ, ತಿರುವು ತಿರುವಿಗೂ ಬ್ರೇಕ್. ಡಿಸ್ಕ್ ತವಾದಂಗ ಕಾಯ್ತೈತಿ. ಹಳೇ ದ್ರವ ಒಳಗ ಕುದ್ದು ಆವಿ ಆದ್ರ ಆ ಆವೀನೂ ಗುಳ್ಳೀನೇ, ಲಿವರ್ ಹಿಂಡಿದ್ರ ಸೀದಾ ಒಳಗ. ಘಾಟಿನ ನಡುವ ಯಾರನ್ನ ಕರೀತೀರಿ? ಅದಕ್ಕ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸ್ರಿ ಅಂತ ಭಾಳ ಗಾಡಿಗಳ ಪುಸ್ತಕದಾಗ ಬರದಿರತೈತಿ. ಯಾರು ಓದತಾರ! ಅದು ಕಪಾಟದಾಗ ರೇಷನ್ ಕಾರ್ಡಿನ ಕೆಳಗ ಬಿದ್ದಿರತೈತಿ.

ಉಳಸೂ ಗುಣ ನಮ್ಮದು, ಒಪ್ಪಿದೆ. ಆದ್ರ ಹೋದ ವರ್ಷ ಒಡದ ಅರ್ಧ ಬಾಟಲಿ ಇಟ್ಟು ಈ ವರ್ಷ ಹಾಕೂದು ಬ್ಯಾಡ. ಕೆಳಗ ಬಾಟಲಿಗೆ ಬಂದ ದ್ರವ ಸೋಸಿ ಮತ್ತ ಡಬ್ಬಿಗೆ ಸುರವೂದಂತೂ ಬ್ಯಾಡೇ ಬ್ಯಾಡ. ಬಣ್ಣದ ಮ್ಯಾಲೆ ಹನಿ ಬಿದ್ರ ಬಣ್ಣ ತಿಂತೈತಿ, ಕೂಡ್ಲೆ ನೀರು ಹಾಕಿ ತೊಳಿಬೇಕು. ನಿಮ್ಮ ಹಳೇ ಸೀರಿ ಅರಬಿಲೆ ಒರಸಿ ಬಿಟ್ರ ಸಾಲಂಗಿಲ್ಲ.

"ಇದೆಲ್ಲಾ ಮನ್ಯಾಗ ಯಾಕ, ಗ್ಯಾರೇಜಿಗೆ ಕೊಟ್ರಾತು" ಅನ್ನೂ ವೈನಿಗಳೂ ಅದಾರ. ಕೊಡ್ರಿ, ಯಾರು ಬ್ಯಾಡ ಅಂದ್ರು? ನಮ್ಮ ಗಾಡಿ ಒಮ್ಮೆ ಗ್ಯಾರೇಜಿಂದ ಬಂದಾಗ ಬಿಲ್ಲಿನ ಮ್ಯಾಲೆ "ಬ್ರೇಕ್ ಓಕೆ" ಅಂತ ಇತ್ತು, ಲಿವರ್ ಮಾತ್ರ ನನ್ನ ಬೆರಳು ಗ್ರಿಪ್ಪಿಗೆ ಮುಟ್ಟೂತನಕ ಬಂತು. ಅಲ್ಲೇ ಹಿಂಡಿ ನೋಡಿ ವಾಪಸ್ ಕೊಟ್ಟೆ. ಮೆಕ್ಯಾನಿಕ್ ನಕ್ಕ, ಆದ್ರ ಮಾಡಿಕೊಟ್ಟ. ಎಬಿಎಸ್ ಇದ್ದ ಗಾಡಿ ಇದ್ರಂತೂ ಗ್ಯಾರೇಜೇ ಪಾಡ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ ಅದು ಕಡ್ಡಾಯ ಆಗೈತಿ. ಅದರ ಘಟಕದೊಳಗ ಗಾಳಿ ಹೊಕ್ಕರ ಕೆಲವು ಗಾಡಿಗೆ ಕಂಪನಿಯ ಯಂತ್ರ ಹಚ್ಚೇ ತಗೀಬೇಕಾಗತೈತಿ, ಅಂಗಳದಾಗ ಎಷ್ಟು ಹಿಂಡಿದ್ರೂ ಬರಂಗಿಲ್ಲ.

ಇನ್ನೊಂದು. ಗಾಳಿ ತಗದ ಎಂಟು ದಿನಕ್ಕ ಮತ್ತ ಮೆತ್ತಗಾದ್ರ "ಮತ್ತ ತಗದ್ರಾತು" ಅನ್ನೂ ಸೋಮಾರಿ ಮಾತು ಕೇಳಬ್ಯಾಡ್ರಿ. ಗಾಳಿ ಸುಮ್ಮನ ಹೊಕ್ಕಂಗಿಲ್ಲ, ಎಲ್ಲೋ ಸೋರತೈತಿ, ಅದನ್ನ ಹುಡಕಬೇಕು. ಒತ್ತಿ ಹಿಡದಾಗ ಲಿವರ್ ನಿಧಾನಕ ಇಳಕೋತ ಹೋದ್ರ ಅದು ಗಾಳಿ ಅಲ್ಲ, ಮ್ಯಾಲಿನ ಸಿಲಿಂಡರಿನ ಒಳ ರಬ್ಬರ್ ಸವದಿರಬಹುದು. ಇದೂ ಲಿವರ್ ಹಿಡದಾಕಿಗೆ ಮೊದಲ ತಿಳಿಯೂದು.

ಹಿಂಗಾಗಿ ನಮ್ಮನ್ಯಾಗ ಈಗ ಒಂದು ರೂಢಿ. ನಾನು ಹಿಂಡಿ ನೋಡಿ, ಗಟ್ಟಿ ಐತಿ ಅಂದ ಮ್ಯಾಲೇ ಪಾನಾ ಚೀಲಕ್ಕ ಹೋಗೂದು. ಆಮ್ಯಾಲೆ ಓಣ್ಯಾಗ ಒಬ್ಬರೇ ಮೆಲ್ಲಕ ಓಡಿಸಿ, ಹಿಡದು ನೋಡಬೇಕು, ಹಿಂದ ಯಾರನ್ನೂ ಕುಂದರಿಸದ. ಅದಕ್ಕೂ ಮೊದಲ ನಾನು, ನನ್ನ ಕೂಸು ಆ ಗಾಡಿ ಹತ್ತಂಗಿಲ್ಲ. ಮೋತಿ ಸಣ್ಣದು ಮಾಡಿದ್ರ ಮಾಡಲಿ, ಖಾನಾಪುರಕ್ಕ ಬಸ್ಸಿಗೇನು ಬರಗಾಲ ಐತೇನು.