ಬೆಳಕಿಗೆ ಹೊನ್ನಿನ ಕಾಲುವೆ

ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಸ್ತಂಭಗಳನ್ನು ನೋಡದ ವಾಚಕರು ನಮ್ಮ ಸೀಮೆಯಲ್ಲಿ ವಿರಳ. ಸೂರ್ಯನಿರುವ ರಾಶಿಯ ಕಂಬದ ಮೇಲೆಯೇ ಎಳೆಬಿಸಿಲು ಬೀಳುವುದೆಂದು ಹಿರಿಯರು ಹೇಳುವರು. ಅಲ್ಲಿ ಬೆಳಕಿಗೆ ದಾರಿ ತೋರುವುದು ಕಲ್ಲು. ಈಗ ಚಿಪ್ ಎಂಬ ಸಿಲಿಕಾನ್ ಬಿಲ್ಲೆಯ ಮೇಲೆ ವಿಜ್ಞಾನಿಗಳು ಚಿನ್ನದಿಂದ ಆ ಕೆಲಸವನ್ನು ಮಾಡಿಸುತ್ತಿರುವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ವ್ಯಾಸಂಗ ನಡೆದಿರುವುದು.

ಗಾಜಿನೊಳಗೆ ಬೆಳಕನ್ನು ಅದರ ತರಂಗದ ಸುಮಾರು ಅರ್ಧದಳತೆಗಿಂತ ಕಿರಿದಾಗಿ ಹಿಂಡಲಾಗದು. ಲೋಹದ ಮೈಮೇಲಾದರೋ ಅದು ಇಲೆಕ್ಟ್ರಾನುಗಳ ಅಲೆಯೊಡನೆ ಬೆರೆತು, ಕೂದಲಿನ ಸಾವಿರದಲ್ಲೊಂದು ಪಾಲಿನ ಸಂದಿಯಲ್ಲಿಯೂ ನುಸುಳುವುದು. 1957ರಲ್ಲಿ ರಿಚಿ ಎಂಬ ವಿದ್ವಾಂಸರು ಈ ಅಲೆಯನ್ನು ಗಣಿತದಿಂದ ಕಂಡರು.

ಆದರೆ ದಾರಿ ತೋರುವ ಲೋಹವೇ ಬೆಳಕನ್ನು ನುಂಗಿ ಶಾಖವಾಗಿಸುವುದು! ಉತ್ತಮವಾದ ಗಾಜಿನೆಳೆಯಲ್ಲಿ 15 ಕಿಲೋಮೀಟರು ಹೋದರೂ ಅರ್ಧ ಬೆಳಕು ಉಳಿಯುವುದು. ಇಂಥ ಇಕ್ಕಟ್ಟಿನ ಲೋಹಮಾರ್ಗದಲ್ಲಿ ಕೂದಲ ದಪ್ಪದಷ್ಟು ಸಾಗುವುದರೊಳಗೆ ಬಹುಪಾಲು ಕರಗುವುದು. ಕೊಪ್ಪದ ಅಡಕೆತೋಟದವರು ಬಲ್ಲರು, ಮಣ್ಣಿನ ಕಾಲುವೆ ಅರ್ಧ ನೀರನ್ನು ತಾನೇ ಕುಡಿಯುವುದನ್ನು. ಆದಕಾರಣ ದೂರಕ್ಕೆ ಗಾಜು, ಹಿಂಡಲೇಬೇಕಾದ ಎಡೆಯಲ್ಲಿ ಮಾತ್ರ ಲೋಹ.

ಬೆಳ್ಳಿ ಅಗ್ಗವಲ್ಲವೇ ಎಂದು ಮೊಮ್ಮಗನು ಕೇಳಿದನು. ಅಗ್ಗವೂ ಹೌದು, ನುಂಗುವುದೂ ಕಡಿಮೆ. ಆದರೆ ನಮ್ಮ ಪೂಜೆಯ ತಟ್ಟೆಯಂತೆ ಅದು ಗಾಳಿಗೆ ಕಪ್ಪಾಗುವುದು.