ನಾಲ್ವರದು ಒಂದೇ ಗಂಟು

ಬೆನ್ನಿಗೊಂದು ಚೀಲ, ಜೊತೆಗೆ ಮೂರು ಮಂದಿ ಗೆಳೆಯರು, ಕಿಸೆಯಲ್ಲಿ ಎಣಿಸಿಟ್ಟ ಹಣ. ಇಷ್ಟೇ ಬಂಡವಾಳದಿಂದ ದೇಶ ನೋಡಲು ಹೊರಡುವ ತರುಣರನ್ನು ಈಗ ಎಲ್ಲ ರೈಲು ನಿಲ್ದಾಣಗಳಲ್ಲಿಯೂ ಕಾಣುತ್ತೇವೆ. ಇದು ಈ ಕಾಲದ ಹುಡುಗರ ಹೊಸ ಹುಚ್ಚೆಂದು ಮೂಗು ಮುರಿಯುವ ಹಿರಿಯರಲ್ಲಿ ನನ್ನದೊಂದು ಅರಿಕೆಯುಂಟು. ಬೆಳಗಾವಿ ಸೀಮೆಯೊಡನೆ ಎಳವೆಯಿಂದಲೂ ನಂಟಿದ್ದ ಕಾಕಾ ಕಾಲೇಲಕರರು 1912ರಲ್ಲಿ ಸ್ವಾಮಿ ಆನಂದರೇ ಮೊದಲಾದ ಮಿತ್ರರನ್ನು ಕೂಡಿಕೊಂಡು ಹಿಮಾಲಯವನ್ನು ಕಾಲ್ನಡಿಗೆಯಿಂದಲೇ ಸುತ್ತಿ ಬಂದವರು. ಅಷ್ಟು ದೂರವೇಕೆ, ಆಷಾಢ ಬಂತೆಂದರೆ ನಮ್ಮ ಹಳ್ಳಿಗಳಿಂದ ಪಂಢರಪುರಕ್ಕೆ ನಡೆದು ಹೋಗುವ ದಿಂಡಿಗಳನ್ನು ನೋಡಿರಿ. ಒಂದೇ ಒಲೆ, ಒಂದೇ ಪಂಕ್ತಿ, ಸಿಕ್ಕಲ್ಲಿ ನಿದ್ದೆ. ಅಗ್ಗದ ಪ್ರವಾಸದ ವಿದ್ಯೆಯನ್ನು ವಾರಕರಿಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ನಾವು ನಾಲ್ವರು ಧುಪದಾಳದಿಂದ ಹೊರಟಾಗ ನಮಗೆ ಆ ವಿದ್ಯೆ ಬಂದೇ ಇದೆಯೆಂಬ ಭ್ರಮೆಯಿತ್ತು. ಘಟಪ್ರಭೆಗೆ ಕಟ್ಟಿದ ಒಡ್ಡಿನ ಹಿನ್ನೀರಿನಲ್ಲಿ ಈಜು ಕಲಿತವರು ನಾವು. 1974ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಆ ನೀರಿಗೆ ಚಳಿಗಾಲದಲ್ಲಿ ದೂರದೇಶಗಳಿಂದ ಬಂದಿಳಿಯುವ ಹಕ್ಕಿಗಳನ್ನು ವರ್ಷವರ್ಷವೂ ಎಣಿಸಿದವರು. ಬಿಡಿಗಾಸಿಲ್ಲದೆ ಅವು ಇಲ್ಲಿಯವರೆಗೆ ಬರುವುದಾದರೆ, ಘಟಪ್ರಭಾ ಸ್ಟೇಶನ್ನನ್ನು ಊರ ಮಗ್ಗುಲಲ್ಲಿಯೇ ಇಟ್ಟುಕೊಂಡ ನಾವು ಕಾಶಿಯವರೆಗಾದರೂ ಹೋಗಿ ಬರಬಾರದೇಕೆ ಎಂದು ಒಂದು ಸಂಜೆ ಮಾತು ಹುಟ್ಟಿತು.

ಮುಂಬಯಿ, ಕಾಶಿ, ದಿಲ್ಲಿ, ಆಗ್ರಾ ಎಂದು ದಾರಿ ಗೊತ್ತಾಯಿತು. ತಲೆಗೆ ಆರು ಸಾವಿರದಂತೆ ಇಪ್ಪತ್ನಾಲ್ಕು ಸಾವಿರ ರೂಪಾಯಿಗಳ ಗಂಟು ಕೂಡಿತು. ಕಿರಾಣಿ ಅಂಗಡಿಯ ಮನೆಯಲ್ಲಿ ಹುಟ್ಟಿದ ಗೆಳೆಯನೊಬ್ಬ ನೂರು ಪುಟದ ವಹಿಯೊಂದನ್ನು ತಂದು ಲೆಕ್ಕದ ಭಾರ ಹೊತ್ತ. ರೈಲು, ವಸತಿ, ಊಟ ಇವು ಗಂಟಿನಿಂದ. ನೋಡುವ, ಕೊಳ್ಳುವ ಖರ್ಚು ಅವರವರ ಕಿಸೆಯಿಂದ. ನಿಯಮ ಬಲು ನ್ಯಾಯವಾಗಿ ಕಂಡಿತು. ನಾಲ್ವರೂ ತಲೆದೂಗಿದೆವು. ಅದರಲ್ಲಿದ್ದ ತೊಡಕು ಹೊಳೆದದ್ದು ಕಾಶಿಯಲ್ಲಿ; ಅದನ್ನೇ ಹೇಳಲು ಈ ವಾರ ಲೇಖನಿ ಹಿಡಿದಿದ್ದೇನೆ.

ಬುತ್ತಿಯ ವಿಷಯದಲ್ಲಿ ನಮಗೆ ಯಾರ ಉಪದೇಶವೂ ಬೇಕಿರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೇಲೆ ಗೋಕಾಕದ ಕರದಂಟು. ಎಂಟು ದಿನ ಕೆಡದ ಈ ಸಾಮಗ್ರಿಯೆದುರು ರೈಲಿನ ತಟ್ಟೆ ಊಟ ನಾಚಬೇಕು. ರಾತ್ರಿಯ ಬಂಡಿಯನ್ನೇ ಹಿಡಿದರೆ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ. ದೊಡ್ಡ ನಿಲ್ದಾಣಗಳ ಕ್ಲೋಕ್ ರೂಮಿನಲ್ಲಿ ಚೀಲವಿರಿಸಿ ಹಗಲೆಲ್ಲ ಕೈಬೀಸಿ ತಿರುಗಬಹುದು. ಆದರೆ ಬೀಗವಿಲ್ಲದ ಚೀಲವನ್ನು ಅಲ್ಲಿ ಒಳಗೆ ಸೇರಿಸುವುದಿಲ್ಲ. ಇದನ್ನರಿಯದೆ ಮುಂಬಯಿಯಲ್ಲಿ ನಾಲ್ಕು ಬೀಗಗಳಿಗೆ ದಂಡ ತೆತ್ತೆವು. ವಹಿಯ ಮೊದಲ ವ್ಯರ್ಥ ಖರ್ಚು ಅದೇ.

ಮುಂಬಯಿಯಲ್ಲಿ ಮಾಟುಂಗಕ್ಕೆ ಹೋಗಿ, ಎ. ರಾಮಾ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮೇಲೆ ಉಂಡೆವು. ಪರಊರಿನಲ್ಲಿ ದುಡಿಯಲು ಬಂದ ಒಂಟಿ ಜೀವಗಳಿಗೆ ಇಂಥ ಊಟದ ಮನೆಗಳು ಎಷ್ಟು ದೊಡ್ಡ ಆಸರೆಯಾಗಿದ್ದಿರಬೇಕೆಂಬುದು ಎರಡನೆಯ ಸಲ ಸಾರು ಬಡಿಸಿದಾಗ ಮನವರಿಕೆಯಾಯಿತು. ಮರುದಿನ ಎಲಿಫೆಂಟಾ ದ್ವೀಪಕ್ಕೆ ಹೋಗುವುದೆಂದಾಯಿತು. ದೋಣಿ ಹೊರಡುವುದು ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯಿಂದ. ಸೋಮವಾರ ಗುಹೆಗಳಿಗೆ ಬಾಗಿಲು ಹಾಕಿರುತ್ತಾರೆ, ಹೋಗುವವರು ನೆನಪಿಡಬೇಕು. ನಿಯಮದಂತೆ ಇದು ಕಿಸೆಯ ಖರ್ಚು. ಟಿಕೀಟಿನ ಸಾಲಿನಲ್ಲಿ ನಿಂತಾಗ ನಮ್ಮ ನಾಲ್ಕನೆಯವ ಹಿಂದೆ ಸರಿದ.

"ನನಗ ಸಮುದ್ರ ಆಗಿಬರೂದಿಲ್ಲ. ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂತಿರ್ತೀನಿ."

ನಾವು ನಕ್ಕು ದೋಣಿ ಹತ್ತಿದೆವು. ಒಂದು ತಾಸಿನ ಪಯಣ. ಬಂಡೆಯ ಕತ್ತಲೆಯಿಂದ ಎದ್ದು ಬರುವ ಮೂರು ಮುಖಗಳ ಸದಾಶಿವನೆದುರು ಮಾತು ನಿಂತುಹೋಯಿತು. ದ್ವೀಪಕ್ಕೆ ಆ ಹೆಸರು ತಂದ ಕಲ್ಲಿನ ಆನೆ ಮಾತ್ರ ಅಲ್ಲಿಲ್ಲ, ಮುಂಬಯಿಯ ಜೀಜಾಮಾತಾ ಉದ್ಯಾನದಲ್ಲಿದೆ. ಇದನ್ನೆಲ್ಲ ಬಂದು ಬಣ್ಣಿಸಿದರೆ ಅವನು ಕಣ್ಣರಳಿಸಿ ಕೇಳಿದ. ಮಳೆಗಾಲದ ಘಟಪ್ರಭೆಯನ್ನು ಅಡ್ಡಹಾಯುತ್ತಿದ್ದವನಿಗೆ ನೀರಿನ ಅಂಜಿಕೆ ಎಂದಿನಿಂದ ಬಂತೆಂದು ನಮ್ಮಲ್ಲೊಬ್ಬರಿಗೂ ತೋಚಲಿಲ್ಲ. ಚಹಾ ಬೇಡ, ಪಿತ್ತವೆಂದ. ಚಾದರ ಬೇಡ, ಸೆಕೆಯೆಂದ. ಜಿಪುಣನೆಂದು ಹಾಸ್ಯ ಮಾಡಿದೆವು. ಹಾಸ್ಯ ಮಾಡಿದವರಲ್ಲಿ ನಾನೇ ಮುಂದಿದ್ದೆ.

ಮುಂಬಯಿಯಿಂದ ಕಾಶಿಗೆ ಮಹಾನಗರಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಹಗಲು, ಒಂದು ಇರುಳು ಮೀರಿದ ದಾರಿ. ಅಲ್ಲಿ ನಾವು ತಂಗಿದ್ದು ಜಂಗಮವಾಡಿ ಮಠದಲ್ಲಿ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಈ ಮಠದ ಅಂಗಳದಲ್ಲಿ ಕನ್ನಡ ಕಿವಿಗೆ ಬಿದ್ದಾಗ ಸಾವಿರ ಮೈಲಿಯ ದಣಿವು ಇಳಿಯಿತು. ಗೋದೌಲಿಯಾದ ಗದ್ದಲ ಹೊರಗೆ. ಒಳಗೆ ಎಲ್ಲಿ ನೋಡಿದರಲ್ಲಿ ಲಿಂಗಗಳು. ಅಂಗೈಯಷ್ಟರಿಂದ ಮೊಳದುದ್ದದವರೆಗೆ, ಸಾಲುಸಾಲಾಗಿ, ಒಂದರ ಮಗ್ಗುಲಿಗೊಂದು. ತೀರಿಹೋದ ತಂದೆತಾಯಿಗಳ ನೆನಪಿಗೆ ಭಕ್ತರು ಇಲ್ಲಿ ಲಿಂಗವನ್ನು ಅರ್ಪಿಸುವ ವಾಡಿಕೆಯಿದೆ. ಹೀಗೆ ಸೇರಿದ ಲಿಂಗಗಳನ್ನು ಎಣಿಸುವುದು ನಮ್ಮಿಂದಾಗುವ ಕೆಲಸವಲ್ಲ.

ಮರುದಿನ ನಸುಕಿನಲ್ಲಿ ಎದ್ದಾಗ ನಾಲ್ಕನೆಯವನ ಹಾಸಿಗೆ ಬರಿದಾಗಿತ್ತು. ಹುಡುಕುತ್ತ ಹೋದರೆ ಮಠದವರೊಬ್ಬರ ಎದುರು ನಿಂತಿದ್ದಾನೆ. ಸ್ನಾನವಾಗಿದೆ, ಹಣೆಯಲ್ಲಿ ವಿಭೂತಿಯಿದೆ. ಕರವಸ್ತ್ರದ ಗಂಟು ಬಿಚ್ಚಿ, ಮಡಿಚಿ ಮಡಿಚಿ ಮೆತ್ತಗಾದ ನೋಟುಗಳನ್ನು ಒಂದೊಂದಾಗಿ ಎಣಿಸಿ ಇಡುತ್ತಿದ್ದಾನೆ. ಅವನ ತಂದೆ ಕಾಲುವೆಗೆ ನೀರು ಬಿಡುವ ಕೆಲಸದಲ್ಲಿದ್ದವರು. ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಮಣ್ಣಿಗೆ ನಾವೂ ಹೋಗಿದ್ದೆವು. ಆದರೆ ಕಾಶಿಯೆಂಬ ಮಾತು ಬಂದ ಸಂಜೆ ಅವನ ಮನಸ್ಸಿನಲ್ಲಿ ಏನು ಎದ್ದಿತ್ತೆಂಬುದನ್ನು ನಾವು ಕೇಳಿರಲಿಲ್ಲ.

ವಹಿಯ ಗೆಳೆಯನಿಗೆ ಕೋಪವೇ ಬಂತು. "ಇದನ್ನ ಮೊದಲ ಹೇಳಿದ್ದರ ಏನಾಗ್ತಿತ್ತಲೇ?"

"ಹೇಳಿದ್ರ ನೀವು ಕೊಡ್ತಿದ್ರಿ," ಎಂದ ಅವನು. "ಅದಕ್ಕ ಹೇಳಲಿಲ್ಲ."

ಆ ಹೊತ್ತು ಮೂವರಿಗೂ ಬಾಯಿ ಬರಲಿಲ್ಲ. ಹೊರಗೆ ಬಂದು ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ ಕುಳಿತು ಆಲೋಚಿಸಿದೆವು. ನಮ್ಮ ಕಿಸೆಗಳಲ್ಲಿ ಉಳಿದದ್ದನ್ನು ಗಂಟಿಗೆ ಸುರಿಯಬಹುದಾಗಿತ್ತು. ಆದರೆ ಅದು ದಾನವಾಗುತ್ತಿತ್ತು, ಅವನು ಮುಟ್ಟುತ್ತಲೂ ಇರಲಿಲ್ಲ. ಕೊನೆಗೆ ಕಿರಾಣಿ ಅಂಗಡಿಯ ಬುದ್ಧಿಯೇ ದಾರಿ ತೋರಿತು. ವಹಿಯಲ್ಲಿ 'ಸ್ವಂತ' ಎಂಬ ಅಂಕಣದ ಮೇಲೆ ಗೆರೆಯೆಳೆದು ಗೆಳೆಯ ಹೇಳಿದ: ಇನ್ನು ಮುಂದೆ ನಾಲ್ವರಿಗೂ ಗಂಟಿನಿಂದ ಸಾಗದ್ದು ಯಾರಿಗೂ ಬೇಡ. ಲೆಕ್ಕ ಹಾಕಿದಾಗ ಆಗ್ರಾ ಹೋಯಿತು. ಒಬ್ಬನ ಕಿಸೆಗೆ ಎಟುಕುವುದಕ್ಕೇ ಮಿಕ್ಕವರ ಆಸೆಯನ್ನು ಇಳಿಸುವುದು ಹೇಳಿದಷ್ಟು ಹಗುರವಲ್ಲ. ತಾಜಮಹಲನ್ನು ಕಾಣಬೇಕೆಂದು ಎಳೆಯಂದಿನಿಂದ ಹಂಬಲಿಸಿದ ನನಗೆ ಎದೆಯಲ್ಲಿ ಚುಳುಕ್ಕೆಂದದ್ದನ್ನು ಮುಚ್ಚಿಡಲಾರೆ.

ಆದರೆ ಆಮೇಲಿನ ದಿನಗಳ ರುಚಿಯೇ ಬೇರೆ. ಅಂದು ಗಂಟಿನ ಹಣದಿಂದಲೇ ಎಲ್ಲರೊಡನೆ ಹಂಚಿಕೊಳ್ಳುವ ದೋಣಿಯೊಂದನ್ನು ಹತ್ತಿದೆವು. ಸಮುದ್ರ ಆಗಿಬಾರದವನು ಗಂಗೆಯ ಮೇಲೆ ಹುಟ್ಟು ಕೇಳಿ ಪಡೆದು ಅಂಬಿಗನ ಎದುರಿಗೇ ಹಾಕಿದ! ಆಮೇಲೆ ಅಸ್ಸಿಯಿಂದ ಮೊದಲುಗೊಂಡು ಘಾಟುಗಳುದ್ದಕ್ಕೂ ನಡೆದೆವು; ಅದಕ್ಕೆ ಕಾಸಿಲ್ಲ. ಹರಿಶ್ಚಂದ್ರ ಘಾಟಿನಲ್ಲಿ ಚಿತೆಯೊಂದು ಉರಿಯುತ್ತಿತ್ತು. ರಾಘವಾಂಕನನ್ನು ಓದಿದವರಿಗೆ ಆ ಸ್ಥಳದಲ್ಲಿ ವಿವರಣೆ ಬೇಕಾಗುವುದಿಲ್ಲ.

ದಿಲ್ಲಿಯಲ್ಲಿ ಗುರುದ್ವಾರಾ ಬಂಗ್ಲಾ ಸಾಹಿಬಿನ ಲಂಗರಿನಲ್ಲಿ ಉಂಡೆವು. ಅಲ್ಲಿ ಯಾರು ನೀನೆಂದು ಕೇಳುವವರಿಲ್ಲ. ತಲೆಗೆ ಬಟ್ಟೆ ಸುತ್ತಿ ನೆಲದ ಮೇಲೆ ಸಾಲಾಗಿ ಕುಳಿತರೆ ಸಾಕು. ಉಂಡೆದ್ದು ಒಂದು ತಾಸು ತಟ್ಟೆ ತೊಳೆದೆವು. ಉಳಿದ ದಿಲ್ಲಿಯನ್ನು ಹೊರಗೋಡೆಗಳಿಂದಲೇ ನೋಡಿದೆವೆಂದರೆ ತಪ್ಪಾಗದು.

ಮರಳುವಾಗ ನಿಜಾಮುದ್ದೀನಿನಿಂದ ಗೋವಾ ಎಕ್ಸ್‌ಪ್ರೆಸ್ಸು. ಆಗ್ರಾ ಕಂಟೋನ್ಮೆಂಟಿನಲ್ಲಿ ಬಂಡಿ ಕೆಲವು ನಿಮಿಷ ನಿಂತಿತು. ನಾನು ಪ್ಲಾಟ್‌ಫಾರಂ ಮೇಲೆ ಇಳಿದು ನಾಲ್ಕೂ ದಿಕ್ಕಿಗೆ ಕತ್ತು ಚಾಚಿದೆ. ಕಂಡದ್ದು ಪೇಠಾ ಮಾರುವವರು. ಮಿರಜದಲ್ಲಿ ಇಳಿದು ಬೆಳಗಾವಿಯ ಕಡೆಯ ಪ್ಯಾಸೆಂಜರನ್ನು ಹಿಡಿದು ಘಟಪ್ರಭೆಯನ್ನು ಮುಟ್ಟಿದಾಗ ಬುತ್ತಿಯ ಗಂಟಿನಲ್ಲಿ ಕರದಂಟಿನ ಪುಡಿ ಉಳಿದಿತ್ತು. ಹಣದ ಗಂಟಿನಲ್ಲಿ ಇನ್ನೂರ ಹತ್ತು ರೂಪಾಯಿ.

ಸ್ಟೇಶನ್ನಿನ ಹೊರಗಿನ ಅಂಗಡಿಯಲ್ಲಿ ಚಹಾ ಹೇಳಿದೆವು. ನಾಲ್ಕನೆಯವ ತನ್ನ ಕಪ್ಪನ್ನು ಬರಿದುಮಾಡಿ ಕೆಳಗಿಟ್ಟು, ಅಂಗಡಿಯವನ ಕಡೆಗೆ ತಿರುಗಿ, "ನನಗ ಇನ್ನೊಂದು ಕೊಡ್ರಿ," ಎಂದ. ವಹಿಯ ಗೆಳೆಯ ಪೆನ್ಸಿಲನ್ನು ತೆಗೆದು ಕೊನೆಯ ಸಾಲನ್ನು ಬರೆದ: ಚಹಾ, ಐದು ಕಪ್ಪು, ಐವತ್ತು ರೂಪಾಯಿ. ಉಳಿದ ನೂರ ಅರವತ್ತನ್ನು ತಲೆಗೆ ನಲವತ್ತರಂತೆ ಅಲ್ಲಿಯೇ ಹಂಚಿಕೊಂಡು ಊರ ಹಾದಿ ಹಿಡಿದೆವು.