ಚಿಕ್ಕಪ್ಪನ "ಜಾಂಡೀಸ್"

ಮೊನ್ನೆ ಊರಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ನಮ್ಮ ಹಳೇ ಮೇಷ್ಟ್ರು, "ನಿಮ್ಮ ಚಿಕ್ಕಪ್ಪಂಗೆ ಜಾಂಡೀಸ್ ಆಗಿತ್ತಲ್ಲ, ಈಗ ಹೇಗಿದಾನೆ?" ಅಂತ ಕೇಳಿದ್ರು. ಹೋಳಿಗೆ ಗಂಟಲಲ್ಲೇ ನಿಂತಿತು. ಯಾಕಂದ್ರೆ ಆ ಜಾಂಡೀಸ್ ಸುದ್ದಿ ಹಬ್ಬಿಸಿದವನೇ ನಾನು.

ಚಿಕ್ಕಪ್ಪನಿಗಿದ್ದದ್ದು ಕುಡಿತದ ಚಟ. ಮನೆಯವರೆಲ್ಲ ಸೇರಿ ದೇವರ ಮುಂದೆ ಆಣೆ ಮಾಡಿಸಿ, ಕೋಣೆಯಲ್ಲಿ ಕೂಡಿಹಾಕಿ ಒಂದೇ ಏಟಿಗೆ ಬಿಡಿಸಲು ಹೊರಟೆವು. ಎರಡನೇ ದಿನ ಫಿಟ್ಸ್. ಮೂರನೇ ದಿನ ಗೋಡೆ ಮೇಲೆ ಇಲ್ಲದ ಹುಳ ಹಿಡಿಯೋಕೆ ಶುರು ಮಾಡಿದರು. "ನಾಟಕ" ಅಂದರು ಹಿರಿಯರು! ಆಸ್ಪತ್ರೆಗೆ ಒಯ್ದಾಗ ಡಾಕ್ಟ್ರು ಬೈದದ್ದು ನಮಗೆ. ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು ಅದಕ್ಕೇ ಒಗ್ಗಿರುತ್ತದಂತೆ. ದಿಢೀರ್ ನಿಲ್ಲಿಸಿದರೆ ಪ್ರಾಣವೇ ಹೋಗಬಹುದು, ಔಷಧಿ ಕೊಟ್ಟೇ ಬಿಡಿಸಬೇಕು. "ಮೊದಲೇ ಯಾಕೆ ಕರ್ಕೊಂಡು ಬರ್ಲಿಲ್ಲ?" ಅಂದರು.

ನಾಚಿಕೆ. ಅಷ್ಟೇ ಉತ್ತರ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2019ರಲ್ಲಿ ಬಂದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ? ಕೆಲವರಿಗೆ ಹತ್ತಿರ ಆಸ್ಪತ್ರೆ ಇಲ್ಲ, ದುಡ್ಡಿಲ್ಲ, ಒಪ್ಪಿದೆ. ಆದರೆ ಎಷ್ಟು ಮನೆಗಳಲ್ಲಿ "ಜಾಂಡೀಸ್" ಆಗಿದೆಯೋ ಯಾರಿಗೆ ಗೊತ್ತು!

2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್‌ಗೆ ಸಂಬಂಧಿಸಿದ ಮಾನಸಿಕ ತೊಂದರೆಗಳನ್ನೂ ಕಾಯಿಲೆ ಅಂತಲೇ ಲೆಕ್ಕಕ್ಕೆ ಹಿಡಿದಿದೆ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ಪ್ರತ್ಯೇಕ ವಿಭಾಗ ಇದೆ. ಮದ್ಯದಿಂದ ವರ್ಷಕ್ಕೆ ಸಾವಿರಾರು ಕೋಟಿ ಎಣಿಸಿಕೊಳ್ಳುವ ಸರ್ಕಾರಕ್ಕಾಗಲಿ, ಬಾಟಲಿ ಮಾರುವವನಿಗಾಗಲಿ ಇಲ್ಲದ ನಾಚಿಕೆ, ಔಷಧಿ ಕೇಳೋಕೆ ಹೋಗುವವನಿಗೆ ಮಾತ್ರ ಯಾಕೆ ಸ್ವಾಮಿ?

"ಹೆಂಡತಿಗೆ ಹೊಡೆಯೋನನ್ನ ರೋಗಿ ಅಂತ ಮುದ್ದು ಮಾಡ್ಬೇಕಾ?" ಅಂತ ಕೇಳ್ತೀರಿ, ಗೊತ್ತು. ಬೇಡ. ಹೊಡೆದದ್ದಕ್ಕೆ ಕೇಸು ಹಾಕಿ, ಕಾಯಿಲೆಗೆ ಔಷಧಿ ಕೊಡಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ. ಛೀ ಥೂ ಅನ್ನೋದರಿಂದ ಯಾರೂ ಕುಡಿತ ಬಿಡಲ್ಲ ಕಣ್ರೀ, ಕದ್ದು ಕುಡೀತಾರೆ.

ಚಿಕ್ಕಪ್ಪ ಚಿಕಿತ್ಸೆ ಆದ ಮೇಲೂ ಒಂದು ಸಲ ಜಾರಿದರು. "ನಾಯಿ ಬಾಲ ಡೊಂಕೇ" ಅಂತ ನಕ್ಕವರಲ್ಲಿ ನಾನೂ ಒಬ್ಬ. ಸಕ್ಕರೆ ಕಾಯಿಲೆಯವರು ಮದುವೆ ಮನೇಲಿ ನಾಲ್ಕು ಹೋಳಿಗೆ ತಿಂದು ಶುಗರ್ ಏರಿಸಿಕೊಂಡರೆ ಹಾಗಂತೀವಾ? ಮತ್ತೆ ಡಾಕ್ಟರ ಹತ್ರ ಕಳಿಸ್ತೀವಿ. ಚಿಕ್ಕಪ್ಪನೂ ಮತ್ತೆ ಹೋದರು. ಈಗ ಬಿಟ್ಟು ನಾಲ್ಕು ವರ್ಷ. ಅವರನ್ನ ಕೇಳಿಯೇ ಇದನ್ನ ಬರೀತಿದೀನಿ. "ಬರಿ, ನಿನ್ನ ಸುಳ್ಳೂ ಸೇರಿಸಿ ಬರಿ" ಅಂದ್ರು.

ಅವತ್ತು ಪಂಕ್ತಿಯಲ್ಲಿ ಹೇಳಿಬಿಟ್ಟೆ. "ಜಾಂಡೀಸ್ ಅಲ್ಲ ಮೇಷ್ಟ್ರೇ, ಕುಡಿತದ ಕಾಯಿಲೆ. ಚಿಕಿತ್ಸೆ ಆಯ್ತು, ಚೆನ್ನಾಗಿದಾರೆ." ಮೇಷ್ಟ್ರು ಮಾತಾಡಲಿಲ್ಲ. ಕೈ ತೊಳೆಯುವಾಗ ಮಾತ್ರ ಹತ್ತಿರ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಯಾವ ಡಾಕ್ಟ್ರು ಅಂದೆ? ನಮ್ಮ ಅಳಿಯಂಗೂ ಸ್ವಲ್ಪ... ಜಾಂಡೀಸ್ ಇದೆ ಕಣಪ್ಪ."